ಖಾಂಬೇಟೆಯವರ ನಲವತ್ತೊಂದು ಸಾವಿರ ಸಾಲು

ರವಿವಾರ ಪೇಂಡಸೆಬಾಯಿಯ ಮಂಗಲ ಕಾರ್ಯಾಲಯವೆಂಬ ಮದುವೆ ಛತ್ರದಲ್ಲಿ ಒಂದೇ ಮಂಟಪಕ್ಕೆ ಎರಡು ಮದುವೆಗಳು ಬಂದು ನಿಂತವು. ಹತ್ತು ನಲವತ್ತೆಂಟರ ಮುಹೂರ್ತದವರು ತಲೆಯ ಮೇಲಿನ ಅಕ್ಷತೆ ಕೊಡವಿಕೊಂಡು ಪಂಕ್ತಿಗೆ ಕೂರುವ ಹೊತ್ತಿಗೆ ಹನ್ನೆರಡು ಮೂವತ್ತೆರಡರ ಮುಹೂರ್ತದವರು ಬ್ಯಾಂಡು ಬಾರಿಸಿಕೊಂಡು ಒಳಗೆ ಬಂದರು. ಮೊದಲಿನವರ ಜಿಲೇಬಿಯನ್ನು ಎರಡನೆಯವರು ತಿಂದರು. ಎರಡನೆಯವರ ಭಟ್ಟರು ಮೊದಲಿನವರ ವರನನ್ನೇ ಹಿಡಿದು ಅಂತರಪಟದ ಹಿಂದೆ ನಿಲ್ಲಿಸಿದರು. ಯಾರ ಕಡೆಯವನೋ ಗೊತ್ತಾಗದ ಒಬ್ಬ ಅಜ್ಜ ಎರಡೂ ಪಂಕ್ತಿಯಲ್ಲಿ ಉಂಡು, ಎರಡೂ ಜೋಡಿಗೆ ಆಶೀರ್ವಾದ ಮಾಡಿ, ಎರಡು ತೆಂಗಿನಕಾಯಿ ತೆಗೆದುಕೊಂಡು ಹೋದ. ಅಂದು ಸಂತೋಷಪಟ್ಟವನು ಅವನೊಬ್ಬನೇ.

ಕಾರ್ಯಾಲಯದ ಬುಕಿಂಗ್ ಎಲ್ಲ ಕಂಪ್ಯೂಟರಿನದು. ಆ ಕಂಪ್ಯೂಟರಿಗೆ ಬುದ್ಧಿ ತುಂಬಿದವರು ಪುಣೆಯ ಸದಾಶಿವ ಪೇಠೆಯ ನೇನೆ ಸಾಹೇಬರ ಕಂಪನಿಯವರು. ಹಳೆಯ ವಾಡೆಯೊಂದರಲ್ಲಿ ಕೆಳಗೆ ಹಿಟ್ಟಿನ ಗಿರಣಿ, ಮೇಲೆ ಕಂಪನಿ. ಮೆಟ್ಟಿಲ ಬುಡದಲ್ಲಿ ನೇನೆ ಸಾಹೇಬರೇ ಬರೆಸಿ ಹಾಕಿದ ಫಲಕ: "ಗಿರಣಿ ಕೆಳಗಿದೆ, ಬುದ್ಧಿ ಮೇಲಿದೆ. ನಿಮಗೆ ಬೇಕಾದದ್ದು ಯಾವುದೆಂದು ವಿಚಾರ ಮಾಡಿ ಹತ್ತಿರಿ." ಇಪ್ಪತ್ತು ವರ್ಷಗಳಿಂದ ಊರಿನ ಹನ್ನೊಂದು ಕಾರ್ಯಾಲಯಗಳ ಮದುವೆ ಮುಂಜಿಗಳ ಲೆಕ್ಕವೆಲ್ಲ ಇದೇ ಅಟ್ಟದ ಮೇಲಿನ ಸಾಫ್ಟ್‌ವೇರಿನಿಂದ ನಡೆಯುತ್ತಿತ್ತು.

ಸೋಮವಾರ ಪೇಂಡಸೆಬಾಯಿ ಆ ಮೆಟ್ಟಿಲು ಹತ್ತಿ ಬಂದು, ಕೂರದೆ, ನೀರು ಮುಟ್ಟದೆ, ಒಂದೇ ಮಾತು ಹೇಳಿ ಹೋಗಿದ್ದರು.

"ಆ ಸಾಲು ಬರದವರು ಯಾರೋ ಅವರನ್ನ ನನಗ ಕೊಡ್ರಿ, ನೇನೆ. ಈ ಲಗ್ನಸರಾಯಿ ನಾಲ್ಕು ತಿಂಗಳು ಮುಗಿಯೋತನಕಾ ನನ್ನ ಕೌಂಟರಿನಾಗ ರುಮಾಲು ಸುತ್ತಿಕೊಂಡು ಕೂಡಲಿ. ಗಂಡಿನ ಕಡೆಯವರಿಗೆ ಅವರೇ ಉತ್ತರಾ ಹೇಳಲಿ. ಮಂಗಳವಾರ ನಾಲ್ಕಕ್ಕ ಬರ್ತೇನಿ. ಹೆಸರು ಬೇಕು. ಇಲ್ಲಾಂದ್ರ ನಿಮ್ಮ ಸಾಫ್ಟ್‌ವೇರೂ ಬ್ಯಾಡ, ನೀವೂ ಬ್ಯಾಡ. ಉಳಿದ ಹತ್ತು ಕಾರ್ಯಾಲಯದವರೂ ನನ್ನ ಭಿಶಿ ಚೀಟಿ ಮಂಡಳದಾಗ ಅದಾರ, ನೆನಪಿರಲಿ."

ಹೀಗಾಗಿ ಮಂಗಳವಾರ ಬೆಳಗ್ಗೆ ಹತ್ತಕ್ಕೆ ನೇನೆ ಸಾಹೇಬರು ತಮ್ಮ ಕೈಕೆಳಗಿನ ನಾಲ್ಕೂ ಜನರನ್ನು ಕರೆದು ನಿಲ್ಲಿಸಿಕೊಂಡಿದ್ದರು. ಹನ್ನೆರಡರ ನಂತರದ ಮುಹೂರ್ತವನ್ನೆಲ್ಲ ಸಂಜೆಯ ಪಾಳಿಗೆ ಸೇರಿಸುವ ಒಂದು ಸಾಲು ಬುಕಿಂಗಿನ ಕೋಡಿನಲ್ಲಿ ಎಲ್ಲೋ ಕೂತಿದೆ, ಅದರಿಂದ ಹನ್ನೆರಡು ಮೂವತ್ತೆರಡರ ಮದುವೆ ಸಂಜೆಯ ಲೆಕ್ಕಕ್ಕೆ ಹೋಗಿ ಬೆಳಗಿನದಕ್ಕೆ ಅಡ್ಡ ಬರುವುದು ಕಾಣದೆ ಹೋಗಿದೆ, ಇಷ್ಟು ವರ್ಷ ಹೀಗೆ ಎರಡು ಕೂಡಿ ಬಂದಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಬರೆದವರು ಯಾರೆಂಬುದು ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಲ್ಲಿ ಹಳಬರಲ್ಲಿ ಬುಕಿಂಗಿನ ಭಾಗಕ್ಕೆ ಕೈ ಹಾಕದವರೇ ಇಲ್ಲ, ಒಬ್ಬರನ್ನು ಬಿಟ್ಟು.

ಆ ಒಬ್ಬರು ಮಿಲಿಂದ ವಾಮನ ಖಾಂಬೇಟೆ. ಅವರದು ಊಟದ ಭಾಗ. ಎಷ್ಟು ಜನಕ್ಕೆ ಎಷ್ಟು ಅಕ್ಕಿ, ಎಷ್ಟು ಮಜ್ಜಿಗೆ, ತಲೆಗೆ ಎಷ್ಟು ಜಿಲೇಬಿ ಎಂದು ಲೆಕ್ಕ ಕಟ್ಟಿ ಕೊಡುವ ಕೋಡು. ಹದಿನೆಂಟು ವರ್ಷದಲ್ಲಿ ಪುಣೆಯ ಯಾವ ಪಂಕ್ತಿಯಲ್ಲೂ ಜಿಲೇಬಿ ಕಡಿಮೆ ಬಿದ್ದಿರಲಿಲ್ಲ. ಆದರೆ ಅದನ್ನು ಅವರು ಯಾರ ಮುಂದೆಯೂ ಹೇಳಿಕೊಂಡವರಲ್ಲ. ಎದುರಿಗೆ ಯಾರಾದರೂ ಸ್ವಲ್ಪ ದನಿ ಏರಿಸಿದರೆ ಖಾಂಬೇಟೆಯವರ ಗಂಟಲು ಒಣಗುತ್ತಿತ್ತು. ತರಕಾರಿ ಮಂಡಿಯಲ್ಲಿ ಬದನೆಕಾಯಿ ಚೌಕಾಸಿಗೂ ಹೆಂಡತಿ ಶುಭದಾಬಾಯಿಯೇ ಬೇಕು. ಕಂಪ್ಯೂಟರಿನ ಉದ್ಯೋಗಕ್ಕೆ ಬಂದದ್ದೇ ಅದು ತಿರುಗಿ ಬೈಯುವುದಿಲ್ಲವೆಂದು. ಅಂಥವರಿಗೆ ಗಂಡಿನ ಕಡೆಯವರ ಮುಂದೆ ನಾಲ್ಕು ತಿಂಗಳು ರುಮಾಲು ಸುತ್ತಿಕೊಂಡು ಕೂರುವುದೆಂದರೆ ಕನಸಿನಲ್ಲೂ ಬೆವರುವ ವಿಷಯ.

"ಹೆಂಗರೆ ಮಾಡಿ ಹೆಸರು ಹುಡುಕಬೇಕು," ಎಂದರು ನೇನೆ ಸಾಹೇಬರು. "ಎಲ್ಲಿ ಹುಡುಕೋದು, ಹೇಳ್ರಿ?"

ಪ್ರಶ್ನೆ ಸರಿಯಾಗಿತ್ತು. ಕಂಪನಿಯ ಕೋಡು ಅರವತ್ಮೂರು ಫೋಲ್ಡರುಗಳಲ್ಲಿ ಹಂಚಿಹೋಗಿತ್ತು. ಯಾರು ಏನು ತಿದ್ದಿದರೂ ಇಡೀ ಫೋಲ್ಡರಿನದೊಂದು ನಕಲು ಮಾಡಿ ಹೊಸ ಹೆಸರಿಡುವುದು ಇಲ್ಲಿಯ ಸಂಪ್ರದಾಯ. "ಫೈನಲ್", "ಹೊಸ ಫೈನಲ್", "ಖರೇ ಫೈನಲ್", "ಇದೇ ಫೈನಲ್, ಉಳಿದವು ಭ್ರಮೆ", "ಫಾಟಕರ ಫೈನಲ್, ಮುಟ್ಟಬಾರದು", "ಮುಟ್ಟಬಾರದೆಂದರೂ ಮುಟ್ಟಿದವರ ಫೈನಲ್".

ಆಗ ಬಾಯಿಬಿಟ್ಟವಳು ಜುಯಿಲಿ ಧುಮಾಳ. ಎರಡು ತಿಂಗಳ ಹಿಂದೆ ಸೇರಿದ ಹುಡುಗಿ, ಸಾತಾರೆಯವಳು, ಮಾತು ನೇರ.

"ಸರ್, ನಾನು ಬಂದ ದಿನದಿಂದ ಹೇಳ್ಲಿಕ್ಕತ್ತೇನಿ. ಗಿಟ್ ಹಾಕ್ರಿ. ವರ್ಷನ್ ಕಂಟ್ರೋಲ್ ಇಲ್ಲದ ಯಾರೂ ಕೋಡ್ ಬರಿಯೂದಿಲ್ಲ ಈಗ. ಒಂದ ಜಾಗಾದಾಗ ಎಲ್ಲಾ ಇರ್ತದ. ಯಾವ ಸಾಲು ಯಾರು ಬರದ್ರು, ಯಾವತ್ತು, ಎಷ್ಟು ಗಂಟೆಕ್ಕ, ಎಲ್ಲಾ ಅದ ನೆನಪಿಟಗೋತದ. ಕೇಳಿದ್ರ ಸಾಲಿಗೊಂದು ಹೆಸರು ಹೇಳ್ತದ."

ಸಾಲಿಗೊಂದು ಹೆಸರು ಎಂದ ಕೂಡಲೇ ಎಲ್ಲರ ಬೆನ್ನೂ ನೆಟ್ಟಗಾಯಿತು.

"ಸುಳ್ಳು ಹೇಳೂದಿಲ್ಲ ಅಲ್ಲಾ ಅದು?" ನೇನೆ ಸಾಹೇಬರು ಕೇಳಿದರು.

"ಮಷಿನ್ ಯಾಕ ಸುಳ್ಳು ಹೇಳ್ತದ, ಸರ್?"

"ಆತು ಹಂಗಾರ. ನಾಲ್ಕರೊಳಗ ಎಲ್ಲಾ ಕೋಡು ಅದರಾಗ ಹೋಗಬೇಕು. ಪೇಂಡಸೆಬಾಯಿ ಮುಂದ ಅದನ್ನ ಕೇಳೋಣ. ಯಾರು ಮಾಡ್ತೀರಿ?"

ಚಿಂತಾಮಣಿ ಫಾಟಕರು ಫ್ಯಾನಿನ ರೆಕ್ಕೆ ಎಣಿಸತೊಡಗಿದರು. ಸುಲಭಾತಾಯಿ ರಾಜವಾಡೆಯವರಿಗೆ ಚಹಾದಲ್ಲಿ ಏನೋ ಬಿದ್ದಂತೆ ಕಂಡಿತು. ಜುಯಿಲಿಗೆ ಹತ್ತೂವರೆಗೆ ಡ್ರೈವಿಂಗ್ ಲೈಸನ್ಸಿನ ಪರೀಕ್ಷೆ, ಮೂರು ತಿಂಗಳು ಕಾದು ಸಿಕ್ಕ ದಿನ. ಕಣ್ಣು ತಗ್ಗಿಸುವುದರಲ್ಲಿ ಖಾಂಬೇಟೆಯವರು ಒಂದು ಕ್ಷಣ ತಡಮಾಡಿದರು. ನೇನೆ ಸಾಹೇಬರಿಗೆ ಅಷ್ಟೇ ಸಾಕಾಯಿತು.

ನಿಜ ಹೇಳಬೇಕೆಂದರೆ ಖಾಂಬೇಟೆಯವರಿಗೆ ಒಳಗೊಳಗೇ ಸಂತೋಷವೇ ಆಗಿತ್ತು. ಬುಕಿಂಗಿನಲ್ಲಿ ತಮ್ಮ ಒಂದಕ್ಷರವೂ ಇಲ್ಲ. ಮಡಿಲಲ್ಲಿ ಕೆಂಡ ಇದ್ದವರಿಗೆ ಭಯ, ತನಗೇನು? ಯಂತ್ರ ತಾನಾಗಿ ಸತ್ಯ ಹೇಳಿಬಿಟ್ಟರೆ ತಾವು ಬಾಯಿ ಬಿಡುವ ಪ್ರಸಂಗವೇ ಬರುವುದಿಲ್ಲ.

ಜುಯಿಲಿ ಒಂದು ಹಾಳೆಯ ಮೇಲೆ ಆರು ಸೂಚನೆ ಬರೆದುಕೊಟ್ಟಳು. "ಕಾಕಾ, ಭಾಳ ಸರಳ ಅದ. ಅಡಚಣಿ ಬಂದ್ರ ಫೋನ್ ಮಾಡ್ರಿ. ಗಾಡಿ ಮ್ಯಾಲೆ ಇರಲಿಲ್ಲಾಂದ್ರ ತಗೋತೇನಿ," ಎಂದು ಹೆಲ್ಮೆಟ್ ತೆಗೆದುಕೊಂಡು ಓಡಿದಳು.

ಮೊದಲ ಸೂಚನೆಯಂತೆ ಗಿಟ್ಟಿಗೆ ತಮ್ಮ ಪರಿಚಯ ಮಾಡಿಕೊಡಬೇಕು. ಹೆಸರೇನು, ಈಮೇಲ್ ಏನು. ಖಾಂಬೇಟೆಯವರಿಗೆ ಇದು ಬಹಳ ಮೆಚ್ಚಿಗೆಯಾಯಿತು. ಬಾಗಿಲಿಗೆ ಬಂದವರನ್ನು ಮೊದಲು ಯಾರೆಂದು ಕೇಳುವುದು ಒಳ್ಳೆಯ ಮನೆತನದ ಲಕ್ಷಣ. ಅವರು ಅಡ್ಡಹೆಸರು ಮಾತ್ರ ಬರೆದು ಮುಗಿಸಲಿಲ್ಲ. "ಶ್ರೀ ಮಿಲಿಂದ ವಾಮನ ಖಾಂಬೇಟೆ, ಬಿ.ಎಸ್ಸಿ. (ಪ್ರಥಮ ಶ್ರೇಣಿ)" ಎಂದು ಪೂರ್ತಿ ಟೈಪು ಮಾಡಿ, ಒಮ್ಮೆ ಓದಿ ನೋಡಿ, ಎಂಟರ್ ಒತ್ತಿದರು.

ಎರಡನೆಯದು, ಅಭ್ಯಾಸಕ್ಕೆಂದು ಒಂದು ಸಣ್ಣ ಫೈಲನ್ನು ಒಪ್ಪಿಸುವುದು. ಒಪ್ಪಿಸುವಾಗ ಏನು ಮಾಡಿದೆವೆಂದು ಒಂದು ಸಾಲಿನ ಟಿಪ್ಪಣಿ ಕೊಡಬೇಕು ಎಂದು ಜುಯಿಲಿ ಬರೆದಿದ್ದಳು. ಖಾಂಬೇಟೆಯವರು ಅದನ್ನು ಮರೆತರು. ಕೂಡಲೇ ಪರದೆ ಪೂರಾ ಕಪ್ಪಾಗಿ, ಎಡಗಡೆಗೆ ಅಲೆಯಂಥ ಚಿಹ್ನೆಗಳ ಸಾಲು ಮಾತ್ರ ಉಳಿಯಿತು. ಟೈಪು ಮಾಡಿದರೆ ಅಕ್ಷರ ಬೀಳದೆ ಕುಯ್ ಅನ್ನುತ್ತದೆ. ಎಂಟರ್ ಒತ್ತಿದರೆ ಒಂದು ಸಾಲು ಕೆಳಗಿಳಿದು ನಗುತ್ತದೆ. ಒಳಗೆ ಹೋಗುವ ದಾರಿ ಗೊತ್ತು, ಹೊರಗೆ ಬರುವುದು ಗೊತ್ತಿಲ್ಲ. ಖಾಂಬೇಟೆಯವರು ಅಭಿಮನ್ಯುವಾದರು.

"ಏನಾತ್ರೀ?" ಎಂದು ಫಾಟಕರು ಕುರ್ಚಿ ಎಳೆದುಕೊಂಡು ಬಂದರು. "ಸರೀರಿ, ನಾ ನೋಡ್ತೇನಿ. ಇಂಥಾವು ನನಗ ಹೊಸಾವಲ್ಲ." ಹತ್ತು ನಿಮಿಷ ಒಂದೊಂದೇ ಕೀಲಿ ಒತ್ತಿ ನೋಡಿದರು. ಪರದೆಯ ತುಂಬ ತಲೆಕೆಳಗಾದ ಅಕ್ಷರ ಸೇರಿಕೊಂಡವು. "ಇದು ಕೆಟ್ಟದ. ನೀವು ಕೆಡಿಸೀರಿ," ಎಂದು ತೀರ್ಪು ಕೊಟ್ಟು ಎದ್ದರು.

ಸುಲಭಾತಾಯಿಯವರದು ಗೃಹಿಣಿಯ ನೇರ ಬುದ್ಧಿ. "ಕುಕ್ಕರ್ ಸಿಟಿ ಹೊಡಿಯೋದು ನಿಲ್ಲಲಿಲ್ಲಾಂದ್ರ ಗ್ಯಾಸ್ ಬಂದ್ ಮಾಡಬೇಕು," ಎಂದು ಮೇನ್ ಸ್ವಿಚ್ಚನ್ನೇ ಕೆಳಗೆಳೆದರು. ಆ ಸ್ವಿಚ್ಚು ಇಡೀ ವಾಡೆಯದು. ಕೆಳಗೆ ಗಿರಣಿ ನಿಂತಿತು. ಯಾರದೋ ಜೋಳ ಅರ್ಧ ಹಿಟ್ಟಾಗಿ ಅರ್ಧ ಜೋಳವಾಗಿಯೇ ಉಳಿಯಿತು.

"ಬುದ್ಧಿ ಮ್ಯಾಲೆ ಅದ ಅಂತ ಬರದೀರಿ, ಎಲ್ಲೈತ್ರೀ ಅದು?" ಎಂದು ಗಿರಣಿಯವ ಮೆಟ್ಟಿಲ ಬುಡದಿಂದ ಕೂಗಿದ. ಉತ್ತರ ಕೊಡಲು ಖಾಂಬೇಟೆಯವರನ್ನೇ ಕಳಿಸಿದರು. ಅವರು ನಾಲ್ಕು ಮೆಟ್ಟಿಲು ಇಳಿದು, ಕೈಮುಗಿದು ಹಿಂದಕ್ಕೆ ಬಂದರು.

ಸ್ವಿಚ್ಚು ಮೇಲೆತ್ತಿ ಮತ್ತೆ ಒಪ್ಪಿಸಹೋದರೆ ಅದೇ ಕಪ್ಪು ಪರದೆ. ಜುಯಿಲಿಗೆ ಫೋನು ಹೋಯಿತು. ಅವಳು ನಕ್ಕು, ಎಲ್ಲರೂ ಮೊದಲ ದಿನ ಅಲ್ಲೇ ಸಿಕ್ಕಿಬೀಳುತ್ತಾರೆಂದು ಸಮಾಧಾನ ಹೇಳಿ, ಹೊರಗೆ ಬರುವ ಮಂತ್ರವನ್ನು ಅಕ್ಷರ ಅಕ್ಷರವಾಗಿ ಬರೆಸಿದಳು. ಖಾಂಬೇಟೆಯವರು ಇನ್ನೊಂದು ಮಾತು ಕೇಳಿ ಖಾತ್ರಿ ಮಾಡಿಕೊಂಡರು.

"ಜುಯಿಲಿ, ಹೆಸರುಗಳನ್ನ ಅದ ನೆನಪಿಟಗೋತದ ಅಂದೆಲ್ಲಾ?"

"ಹೌದು ಕಾಕಾ. ಬರದವರ ಹೆಸರು ಯಾರು ಅಳಸಿದ್ರೂ ಹೋಗೂದಿಲ್ಲ. ನನ್ನ ನಂಬರ್ ಬಂತು, ಇಡ್ತೇನಿ."

ಒಂದು ಗಂಟೆ ಹೊಡೆಯಿತು. ಪುಣೆಯಲ್ಲಿ ಒಂದರಿಂದ ನಾಲ್ಕರವರೆಗೆ ಯಾರೂ ಯಾರಿಗೂ ಏನನ್ನೂ ಮಾರುವುದಿಲ್ಲ. ನೇನೆ ಸಾಹೇಬರು ಕ್ಯಾಬಿನ್ನಿನಲ್ಲಿ ಚಾಪೆ ಹಾಸಿದರು. ಫಾಟಕರು ಮೇಜಿನ ಮೇಲೆ ತಲೆಯಿಟ್ಟರು. ಸುಲಭಾತಾಯಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ಖಾಂಬೇಟೆಯವರೊಬ್ಬರೇ ಎಚ್ಚರವಾಗಿದ್ದು ಅರವತ್ಮೂರು ಫೈನಲ್‌ಗಳಿಂದ ನಿಜವಾಗಿ ಓಡುತ್ತಿರುವ ತುಂಡುಗಳನ್ನು ಆರಿಸಿ ಒಂದು ಫೋಲ್ಡರಿಗೆ ಸೇರಿಸುತ್ತ ಕೂತರು.

ಪ್ರತಿಯೊಂದು ಭಾಗದ ತಲೆಯ ಮೇಲೂ ಬರೆದವರ ಒಂದೊಂದು ಫಲಕವಿತ್ತು. ಮನೆಯ ಗೇಟಿಗೆ ಹಾಕುವಂಥದನ್ನೇ ಇಲ್ಲಿಯವರು ಕೋಡಿಗೂ ಹಾಕುತ್ತಿದ್ದರು. "ಈ ಭಾಗ ಫಾಟಕರದು. ಅರ್ಥವಾಗದಿದ್ದರೆ ದೋಷ ಫಾಟಕರದಲ್ಲ." "ಇಲ್ಲಿ ಕೈ ಹಾಕುವ ಮೊದಲು ಕೈ ತೊಳೆಯಿರಿ. ಸೌ. ರಾಜವಾಡೆ." ಖಾಂಬೇಟೆಯವರದೂ ಇತ್ತು. ಬಾಯಲ್ಲಿ ಬಾರದ್ದು ಬೆರಳಲ್ಲಿ ಬರುತ್ತಿತ್ತು ಅವರಿಗೆ: "ಜಿಲೇಬಿಯಲ್ಲಿ ತಪ್ಪು ಕಂಡರೆ ಮೊದಲು ಕನ್ನಡಕ ಒರೆಸಿಕೊಳ್ಳಿ. ಖಾಂಬೇಟೆ."

ಒಂದೂವರೆಗೆ ಹಿಂದಿನಿಂದ ಪಿಸುಮಾತು ಕೇಳಿಸಿತು. ಫಾಟಕರು ನಿಂತಿದ್ದರು. ಇಪ್ಪತ್ತು ವರ್ಷದಲ್ಲಿ ಫಾಟಕರು ಮಧ್ಯಾಹ್ನದ ನಿದ್ದೆ ಬಿಟ್ಟದ್ದು ತಂದೆ ತೀರಿಕೊಂಡ ದಿನ ಮಾತ್ರ, ಅಂದೂ ಎರಡೂವರೆಯ ತನಕ.

"ರೀ ಖಾಂಬೇಟೆ, ಬುಕಿಂಗಿನ್ಯಾಗ ಎರಡು ಕಡೆ ನನ್ನ ಹೆಸರಿನ ಬೋರ್ಡು ಅದ. ಅವನ್ನ ತಗದಬಿಡ್ರಲಾ."

"ನೀವ ಬರದದ್ದಲ್ರೀ ಅದು?"

"ಬರದಿರಬಹುದು. ಆ ವರ್ಷ ನನಗ ಅರ್ಧತಲಿಶೂಲಿ ಇತ್ತು. ಏನೇನು ಬರದೇನೋ ದೇವರಿಗೇ ಗೊತ್ತು. ಮಗಳ ಪರೀಕ್ಷಾ ವರ್ಷರೀ ಇದು, ನಾಲ್ಕು ತಿಂಗಳು ಆ ಬಾಯಿ ಕೈಯಾಗ ಸಿಕ್ರ ಮನಿ ಯಾರು ನೋಡಬೇಕು?"

ಖಾಂಬೇಟೆಯವರ ಮನಸ್ಸು ಮೆತ್ತಗಾಯಿತು. ಜೊತೆಗೆ ಒಂದು ಉಪಾಯವೂ ಹೊಳೆಯಿತು. ಹೆಸರನ್ನು ಯಾರು ಅಳಿಸಿದರೂ ಹೋಗುವುದಿಲ್ಲವೆಂದು ಜುಯಿಲಿಯೇ ಹೇಳಿದ್ದಾಳೆ. ಗಿಟ್ ಎಂದರೆ ಚಿತ್ರಗುಪ್ತನ ದಫ್ತರ, ಅದಕ್ಕೆ ಫಲಕ ಯಾಕೆ ಬೇಕು? ಫಲಕ ತೆಗೆದರೆ ಫಾಟಕರಿಗೆ ಸಮಾಧಾನ, ಸತ್ಯಕ್ಕೇನೂ ಹಾನಿಯಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಖಾಂಬೇಟೆಯವರು ಎರಡೂ ಫಲಕ ಅಳಿಸಿದರು. ಫಾಟಕರು ಅವರ ಕೈ ಹಿಡಿದು ಒತ್ತಿ, ಹೋಗಿ ಗೊರಕೆ ಹೊಡೆದರು.

ಎರಡು ಗಂಟೆಗೆ ಸುಲಭಾತಾಯಿ ಬಂದರು. ಅವರ ಕೈಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಶಂಕರಪಾಳಿ.

"ತಗೋರಿ, ಮನ್ಯಾಗ ಮಾಡಿದ್ದು. ನನ್ನ ಹೆಸರು ಎಲ್ಲೆಲ್ಲಿ ಅದ?"

"ಏಳು ಕಡೆ ಅದ, ತಾಯಿ."

"ಏಳೂ ತಗೀರಿ. ನಮ್ಮ ಮನಿಯವರ ಮಾವಶಿ ಮಗಳ ಲಗ್ನಾ ಅದ ಕಾರ್ಯಾಲಯದಾಗ ನಡೀಬೇಕಾಗ್ಯದ. ನಾನ ಅಲ್ಲಿ ರುಮಾಲು ಸುತ್ತಿಕೊಂಡು ಕೂತ್ರ ಬೀಗರ ಮುಂದ ಏನು ಮಾರಿ ತೋರಸ್ಲಿ?"

ಏಳೂ ಹೋದವು. ಸುಲಭಾತಾಯಿ ಉಪಕಾರಕ್ಕೆ ಪ್ರತ್ಯುಪಕಾರ ಮಾಡದೆ ಬಿಡುವವರಲ್ಲ. ಖಾಂಬೇಟೆಯವರು ಮುಖ ತೊಳೆಯಲು ಹೋದಾಗ, "ಇನ್ನ ಒಂದ ಫೋಲ್ಡರ್ ಸಾಕಲ್ಲಾ," ಎಂದುಕೊಂಡು, ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವ ಹುರುಪಿನಿಂದ ಹಳೆಯ ಅರವತ್ಮೂರನ್ನೂ ಅಳಿಸಿದರು. ಕಪಾಟಿನಲ್ಲಿ ಗಣಪತಿಯ ಮುಂದೆ ಇಟ್ಟಿದ್ದ ಮೂರು ಪೆನ್ ಡ್ರೈವುಗಳನ್ನೂ ತಂದು ಖಾಲಿ ಮಾಡಿದರು. "ನೋಡ್ರಿ, ಎಷ್ಟು ಹಗರಾಗ್ಯದ!" ಎಂದು ತೋರಿಸಿದಾಗ ಖಾಂಬೇಟೆಯವರು ಓಡಿಬಂದು ಹೊಸ ಫೋಲ್ಡರು ತೆರೆದು ನೋಡಿದರು. ಓಡುವುದೆಲ್ಲ ಆರಿಸಿ ಆಗಿದೆ, ಹೆಸರು ಗಿಟ್ ಹೇಳುತ್ತದೆ ಎಂದು ಸಮಾಧಾನ ಮಾಡಿಕೊಂಡರು.

ಮೂರು ಗಂಟೆಗೆ, ಆರಿಸಿದ್ದನ್ನು ಕೊನೆಯ ಸಲ ಓದುತ್ತಿರುವಾಗ, ಬುಕಿಂಗಿನ ಒಂದು ಮೂಲೆಯಲ್ಲಿ, ಆ ಸಾಲು ಸಿಕ್ಕಿತು. ಹನ್ನೆರಡಾದ ಮೇಲೆ ಎಲ್ಲವೂ ಸಂಜೆ. ಅದರ ನೆತ್ತಿಯ ಮೇಲೆ ಇಪ್ಪತ್ತು ವರ್ಷದ ಹಿಂದಿನ ಫಲಕ: "ಈ ಸಾಲು ಪೂರ್ಣ ವಿಚಾರ ಮಾಡಿ ಬರೆದದ್ದು. ಬುದ್ಧಿವಂತರು ತಿದ್ದುವುದಿಲ್ಲ, ಉಳಿದವರು ತಿದ್ದಬಾರದು. ನೇನೆ."

ಖಾಂಬೇಟೆಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ನೇನೆಯೇ. ಅಷ್ಟರಲ್ಲಿ ಕ್ಯಾಬಿನ್ನಿನ ಬಾಗಿಲು ತೆರೆದು, ಚಾಪೆಯ ಗೆರೆಗಳು ಕೆನ್ನೆಯ ಮೇಲೆ ಮೂಡಿದ್ದ ನೇನೆ ಸಾಹೇಬರೇ ಹೊರಗೆ ಬಂದರು. ಅವರೂ ನಿದ್ದೆ ಮಾಡಿರಲಿಲ್ಲ.

"ಖಾಂಬೇಟೆ, ಒಂದು ವಿಚಾರಾ ಬಂತು," ಎಂದರು ಕಿಟಕಿಯ ಕಡೆ ನೋಡುತ್ತ. "ಗಿರಾಕಿ ಮುಂದ ಕೋಡು ತಗೀತೇವಿ. ಈ ಬೋರ್ಡುಗಿರ್ಡು ಹಳೇ ಪದ್ಧತಿ, ಚಲೋ ಕಾಣೂದಿಲ್ಲ. ಎಲ್ಲಾ ತಗದಬಿಡ್ರಿ. ನಂದೂ ಎಲ್ಲೆರೆ ಇದ್ರ ಅದೂ ತಗೀರಿ. ಹಿರಿಯಾ ಅಂತ ಮುಲಾಜು ಮಾಡಬ್ಯಾಡ್ರಿ."

ಖಾಂಬೇಟೆಯವರು ಬಾಯಿ ತೆರೆದರು. ಸಾಹೇಬರ ತಪ್ಪನ್ನು ಸಾಹೇಬರಿಗೇ ಹೇಳುವ ಕರ್ಮ ತನಗೇಕೆ, ನಾಲ್ಕು ಗಂಟೆಗೆ ಯಂತ್ರವೇ ಹೇಳಲಿ ಎಂದುಕೊಂಡರು. ನೇನೆಯವರ ಫಲಕ ಅಳಿಸಿದರು. ಹೇಗೂ ಎಲ್ಲ ತೆಗೆಯಬೇಕಾಯಿತಲ್ಲ ಎಂದು ತಮ್ಮ ಜಿಲೇಬಿಯ ಫಲಕವನ್ನೂ, ಸ್ವಲ್ಪ ಹೊತ್ತು ನೋಡಿ, ಅಳಿಸಿದರು.

ಮೂರು ಗಂಟೆ ನಲವತ್ತೊಂದು ನಿಮಿಷಕ್ಕೆ ಇಡೀ ಕೋಡನ್ನು, ಈ ಸಲ ಟಿಪ್ಪಣಿ ಮರೆಯದೆ, ಗಿಟ್ಟಿಗೆ ಒಪ್ಪಿಸಿದರು. ನಲವತ್ತೊಂದು ಸಾವಿರ ಚಿಲ್ಲರೆ ಸಾಲು ಒಳಗೆ ಹೋದವೆಂದು ಅದು ರಸೀದಿ ಕೊಟ್ಟಿತು. ಖಾಂಬೇಟೆಯವರು ಶಂಕರಪಾಳಿ ತಿಂದು, ನೀರು ಕುಡಿದು, ಬಹಳ ವರ್ಷಗಳ ನಂತರ ಒಂದು ಕೆಲಸ ಪೂರ್ತಿ ಮಾಡಿದ ತೃಪ್ತಿಯಿಂದ ಕೂತರು.

ನಾಲ್ಕಕ್ಕೆ ಸರಿಯಾಗಿ ಪೇಂಡಸೆಬಾಯಿ ಬಂದರು. ಅವರ ಹಿಂದೆಯೇ ಜುಯಿಲಿಯೂ ಲೈಸನ್ಸು ಪಾಸಾದ ಮುಖ ಹೊತ್ತು ಬಂದಳು. ಎಲ್ಲರೂ ಖಾಂಬೇಟೆಯವರ ಪರದೆಯ ಸುತ್ತ ನಿಂತರು. ಫಾಟಕರ ಹಣೆಯ ಮೇಲೆ ಬೆವರಿತ್ತು. ಸುಲಭಾತಾಯಿ ಮಂಗಳಸೂತ್ರ ಹಿಡಿದುಕೊಂಡಿದ್ದರು. ನೇನೆ ಸಾಹೇಬರು, "ಬಾಯಿ, ಈ ಮಷಿನ್ ಸುಳ್ಳು ಹೇಳೂದಿಲ್ಲ," ಎಂದು ಗಟ್ಟಿಯಾಗಿ ಹೇಳಿ, ಮನಸ್ಸಿನಲ್ಲಿ ಗಣಪತಿಯನ್ನು ನೆನೆದರು.

ಜುಯಿಲಿ ಬುಕಿಂಗಿನ ಫೈಲು ತೆಗೆದು, ಯಾರು ಬರೆದದ್ದೆಂದು ಕೇಳುವ ಆಜ್ಞೆ ಕೊಟ್ಟಳು.

ಪರದೆ ತುಂಬಿತು. ಪ್ರತಿ ಸಾಲಿನ ಎಡಕ್ಕೂ ಒಂದೇ ಹೆಸರು. ಶ್ರೀ ಮಿಲಿಂದ ವಾಮನ ಖಾಂಬೇಟೆ, ಬಿ.ಎಸ್ಸಿ. (ಪ್ರಥಮ ಶ್ರೇಣಿ). ಕೆಳಗೆ ಹೋದರೂ ಅದೇ. ಇನ್ನೊಂದು ಫೈಲು ತೆಗೆದರೂ ಅದೇ.

"ಅಯ್ಯ ಕಾಕಾ," ಎಂದಳು ಜುಯಿಲಿ ಮೆಲ್ಲಗೆ. "ಮೊದಲನೇ ಸಲಾ ಯಾರು ಒಳಗ ಹಾಕ್ತಾರೋ ಅವರ ಹೆಸರ ಬರ್ತದರೀ. ಹಿಂದಿಂದು ಅದಕ್ಕ ಹೆಂಗ ಗೊತ್ತಿರಬೇಕು? ಮುಂಜಾನೆ ಲೈಸನ್ಸಿನ ಗಡಿಬಿಡಿಯಾಗ ಹೇಳೋದ ಬಿಟ್ಟಿತು. ಇವತ್ತಿನಿಂದ ಮುಂದಿಂದು ನೆನಪಿಡ್ತದ."

"ನೀನ ಹೇಳಿದ್ಯಲ್ಲವಾ, ಹೆಸರು ಹೋಗೂದಿಲ್ಲ ಅಂತ!"

"ಅದರಾಗ ಬಂದ ಮ್ಯಾಲೆ ಹೋಗೂದಿಲ್ಲ. ಇರ್ಲಿ, ಬೋರ್ಡು ಅದಾವಲ್ಲ, ಅವನ್ನ ಓದೋಣ."

"ಅಳಿಸೇನಿ."

"ಹಳೇ ಫೋಲ್ಡರ್?"

ಸುಲಭಾತಾಯಿ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತೆಂದು ನೋಡುತ್ತಿದ್ದರು.

"ಬೋರ್ಡು ಯಾಕ ಅಳಿಸಿದ್ರಿ, ಕಾಕಾ?"

ಖಾಂಬೇಟೆಯವರು ಫಾಟಕರ ಮುಖ ನೋಡಿದರು. ಫಾಟಕರು ಫ್ಯಾನು ನೋಡಿದರು. ಖಾಂಬೇಟೆಯವರು ನೇನೆ ಸಾಹೇಬರ ಮುಖ ನೋಡಿದರು. ನೇನೆ ಸಾಹೇಬರ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಒಂದು ದೊಡ್ಡ ನೆಮ್ಮದಿ ಹರಡಿತು.

"ಇನ್ನೇನದ, ಬಾಯಿ," ಎಂದರು ಅವರು. "ನನಗೂ ಭಾಳ ಕೆಟ್ಟನಸ್ತು. ಖರೇ ಅಂದ್ರ ಖರೇ. ಕರಕೊಂಡು ಹೋಗ್ರಿ."

ಹದಿನೆಂಟು ವರ್ಷ ಒಟ್ಟಿಗೆ ಡಬ್ಬಿ ಬಿಚ್ಚಿದವರು. ಅದೇ ಮಧ್ಯಾಹ್ನ ಒಬ್ಬೊಬ್ಬರಾಗಿ ಬಂದು ಕೈ ಹಿಡಿದವರು. ಮೂವರಲ್ಲಿ ಒಬ್ಬರೂ ಫಲಕ ಅಳಿಸಿದ್ದು ತಮ್ಮ ಮಾತಿಗೆಂದು ಒಪ್ಪಿಕೊಳ್ಳಲಿಲ್ಲ. ಖಾಂಬೇಟೆಯವರಿಗೆ ಸಿಟ್ಟು ನೆತ್ತಿಗೇರಿತು. ಅಳಿಸಿದ ಫಲಕಕ್ಕೆ ಸಾಕ್ಷಿಯಿರಲಿಲ್ಲ, ಆದರೆ ಆ ಸಿಟ್ಟಿಗೆ ಗಂಟಲು ಒಣಗುವುದನ್ನೇ ಮರೆಯಿತು.

"ನಿಂದರ್ರಿ!" ಎಂದರು. ಅದು ತಮ್ಮದೇ ದನಿಯೆಂದು ಅವರಿಗೇ ನಂಬಿಕೆಯಾಗಲಿಲ್ಲ. "ಬಾಯಿ, ಹೆಸರು ಓದಿದ್ರಿ. ಅದರ ಬಾಜೂಕ ವೇಳ್ಯಾ ಬರದದ, ಅದನ್ನೂ ಓದ್ರಿ."

ಪೇಂಡಸೆಬಾಯಿ ಬಗ್ಗಿ ಓದಿದರು. "ಇವತ್ತಿಂದು. ಮೂರು ಗಂಟೆ ನಲವತ್ತೊಂದು ನಿಮಿಷ."

"ಲಗ್ನಾ ಯಾವಾಗಿತ್ತು?"

"ರವಿವಾರ."

"ಇವತ್ತು ಮಂಗಳವಾರ. ಇವತ್ತು ಮಧ್ಯಾಹ್ನ ಬರದ ಸಾಲು ಮೊನ್ನೆ ರವಿವಾರ ಮಂಟಪಾ ಹೆಂಗ ಕೆಡಸ್ತು? ಇವತ್ತು ಹುಟ್ಟಿದ ಕೂಸು ಮೊನ್ನೆ ನಿಮ್ಮ ಕಿಡಕಿ ಒಡೀತು ಅಂದ್ರ ಒಪ್ಪತೀರೇನು? ಇನ್ನೊಂದು. ನಲವತ್ತೊಂದು ಸಾವಿರ ಸಾಲು, ಎಲ್ಲಾ ಒಂದ ನಿಮಿಷದಾಗ. ಒಂದು ನಿಮಿಷದಾಗ ಅಷ್ಟು ಬರಿಯೋ ದೇವರು ನಾನಾಗಿದ್ರ ಹದಿನೆಂಟು ವರ್ಷ ಈ ಅಟ್ಟದ ಮ್ಯಾಲೆ, ಈ ಮುರಕ ಕುರ್ಚಿ ಮ್ಯಾಲೆ ಯಾಕ ಕೂಡ್ತಿದ್ದೆ? ಮೂರನೇದು. ನೇನೆಯವರು ಹೇಳಿದ್ರು ಮಷಿನ್ ಸುಳ್ಳು ಹೇಳೂದಿಲ್ಲ ಅಂತ. ನಾನೂ ಅದನ್ನ ಹೇಳ್ತೇನಿ. ಮಷಿನ್ 'ಇವ ಒಳಗ ತಂದಾ' ಅಂತ ಹೇಳ್ಯದ. 'ಇವ ತಪ್ಪು ಮಾಡ್ಯಾನ' ಅಂತ ಎಲ್ಲಿ ಹೇಳ್ಯದ, ತೋರಿಸ್ರಿ. ಹೆಣ್ಣನ್ನ ಮಂಟಪಕ್ಕ ಕರತಂದ ಸೋದರಮಾವಗ ತಾಳಿ ಕಟ್ಟಂತ ಯಾರರೆ ಹೇಳ್ತಾರೇನು?"

ಕೆಳಗಿನ ಗಿರಣಿಯವ ಕೂಡ ಗಿರಣಿ ನಿಲ್ಲಿಸಿ ಮೆಟ್ಟಿಲ ಮೇಲೆ ಬಂದು ನಿಂತಿದ್ದ. ಜುಯಿಲಿ ಚಪ್ಪಾಳೆ ತಟ್ಟಲು ಹೋಗಿ ಕೈ ಹಿಡಿದುಕೊಂಡಳು. ಖಾಂಬೇಟೆಯವರ ಕಿವಿ ಕೆಂಪಾಗಿದ್ದವು, ಆದರೆ ಎದೆ ಹಗುರಾಗಿತ್ತು. ಶುಭದಾ ಇದನ್ನು ಕೇಳಬೇಕಿತ್ತು ಎಂದು ಅನಿಸಿತು.

ಪೇಂಡಸೆಬಾಯಿ ಅವರನ್ನು ಅಡಿಯಿಂದ ಮುಡಿಯತನಕ ನೋಡಿದರು. ಆಮೇಲೆ, ಬಂದಾಗಿನಿಂದ ಮೊದಲ ಸಲ, ಕುರ್ಚಿ ಎಳೆದುಕೊಂಡು ಕೂತರು.

"ಒಪ್ಪಿದೆ," ಎಂದರು. "ಇವರದು ತಪ್ಪಲ್ಲ."

ಖಾಂಬೇಟೆಯವರು ಕೈಮುಗಿದರು. ನೇನೆ ಸಾಹೇಬರ ಮುಖ ಮತ್ತೆ ಬಿಳುಚಿತು.

"ಹಂಗಾರ... ಬರದವರನ್ನ ಮತ್ತ ಹುಡುಕಬೇಕೇನು, ಬಾಯಿ?"

"ಯಾಕ? ತಪ್ಪು ಮಾಡಿದವರನ್ನ ಕೌಂಟರಿನಾಗ ಕೂಡಿಸಿ ನಾನೇನು ಮಾಡ್ಲಿ? ಒಂದು ಮಾತು ಕೇಳಿದ್ರ ತೊದಲ್ತಾರ. ಮೂವತ್ತು ವರ್ಷದಿಂದ ಕಾರ್ಯಾಲಯಾ ನಡಸ್ತೇನಿ, ನೇನೆ. ಗಂಡಿನ ಕಡೆಯವರ ಬಾಯಿ ಮುಚ್ಚಸೋ ಮನುಷ್ಯಾ ಇವತ್ತಿನತನಕಾ ಸಿಕ್ಕಿರಲಿಲ್ಲ. ನಲವತ್ತೊಂದು ಸಾವಿರ ಕಡೆ ತನ್ನ ಹೆಸರಿದ್ರೂ ತನ್ನದಲ್ಲ ಅಂತ ನನ್ನಂಥಾಕಿನ್ನ ಒಪ್ಪಿಸಿದ್ರಲ್ಲಾ! ನನಗ ಇವರ ಬೇಕು."

"ಅಗದೀ ಸಂತೋಷ," ಎಂದರು ನೇನೆ ಸಾಹೇಬರು, ಪೇಂಡಸೆಬಾಯಿ ಮಾತು ಮುಗಿಸುವ ಮೊದಲೇ. ಫಾಟಕರು "ವಾಹ್" ಎಂದರು. ಸುಲಭಾತಾಯಿ ಅಭಿನಂದನೆಗೆಂದು ಶಂಕರಪಾಳಿಯ ಡಬ್ಬಿ ಮುಂದೆ ಮಾಡಿದರು.

ಖಾಂಬೇಟೆಯವರು ಡಬ್ಬಿಯನ್ನು ಪಕ್ಕಕ್ಕೆ ತಳ್ಳಿದರು. "ಬಾಯಿ, ಬ್ಯಾಡ್ರಿ! ನನಗ ಮಾತಾಡ್ಲಿಕ್ಕೆ ಬರೂದಿಲ್ಲ," ಎಂದು ಎರಡೂ ಕೈ ಎತ್ತಿದರು. "ಇವತ್ತು ಮಧ್ಯಾಹ್ನ ಗಿರಣಿಯವನ ಮುಂದ ನನಗ ಒಂದಕ್ಷರ ಹೊಂಡಲಿಲ್ಲ. ಅವ ಇಲ್ಲೇ ನಿಂತಾನ, ಕೇಳ್ರಿ. ಮನುಷ್ಯಾ ಸಿಟ್ಟಿನ್ಯಾಗ ಒಮ್ಮೆ ಗೋಡೆ ಹಾರತಾನ ಅಂತ ದಿನಾ ಗೋಡೆ ಮ್ಯಾಲೆ ಕೂಡಸ್ತಾರೇನು? ನಿಮ್ಮಲ್ಲೇ ವಿಚಾರಾ ಮಾಡ್ರಿ. ಬಾಯಿ ಇಲ್ಲದವನ್ನ ಉತ್ತರಾ ಹೇಳ್ಲಿಕ್ಕೆ ಕೂಡಸೋದು ನನಗೂ ಅನ್ಯಾಯ, ಗಂಡಿನ ಕಡೆಯವರಿಗೂ ಅನ್ಯಾಯ. ಬೈಲಿಕ್ಕೆ ಬಂದವರಿಗೆ ತಿರುಗಿ ಬೈಯೋ ಮನುಷ್ಯಾ ಬೇಕು, ಅದು ಅವರ ಹಕ್ಕದ."

ಗಿರಣಿಯವ ಮೆಟ್ಟಿಲ ಮೇಲಿಂದ ತಲೆದೂಗಿದ. ಪೇಂಡಸೆಬಾಯಿಯ ಕಣ್ಣು ಅರಳಿದವು.

"ನೋಡ್ರಿ ನೇನೆ, ಬರೂದಿಲ್ಲ ಅನ್ನೋದನ್ನ ಎಷ್ಟು ಛಂದ ಹೇಳ್ತಾರ," ಎಂದರು. "ಬುಧವಾರ, ನಾಳೆ, ಮೊದಲ ಮುಹೂರ್ತ ಏಳು ಹದಿನಾಲ್ಕಕ್ಕ. ಆರಕ್ಕ ಬರ್ರಿ, ಖಾಂಬೇಟೆ."

ಖಾಂಬೇಟೆಯವರು ಇನ್ನೊಂದು ಕಾರಣ ಹೇಳಲು ಬಾಯಿ ತೆರೆದರು. ಹೇಳಿದಷ್ಟೂ ತಾವೇ ಒಳಕ್ಕೆ ಹೋಗುತ್ತಿದ್ದೇವೆಂದು ಆಗ ತಿಳಿದು ಥಟ್ಟನೆ ಬಾಯಿ ಮುಚ್ಚಿದರು. ಆದರೆ ಅಷ್ಟರಲ್ಲಿ ಪೇಂಡಸೆಬಾಯಿ ಚೀಲದಿಂದ ದರ್ಜಿಯ ಟೇಪು ತೆಗೆದು ರುಮಾಲಿಗೆಂದು ಅವರ ತಲೆಯ ಅಳತೆ ತೆಗೆದುಕೊಳ್ಳುತ್ತಿದ್ದರು.